ಹೋರಿಯ ಹಿಂದಿನ ಕಾವಲು

ಸಾಕುಪ್ರಾಣಿಗಳ ಚರಿತ್ರೆಯನ್ನು ಗಂಡಿನ ಹೆಸರು ಹಿಡಿದು ಹೇಳುವ ರೂಢಿ ಎಲ್ಲ ನಾಡುಗಳಲ್ಲೂ ಇದೆ. ಇಂಗ್ಲೆಂಡಿನ ಥರೋಬ್ರೆಡ್ ರೇಸ್ ಕುದುರೆಗಳ ಗಂಡು ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಮೂರೇ ಮೂರು ಗಂಡು ಕುದುರೆಗಳ ಬಳಿ ಬಂದು ನಿಲ್ಲುತ್ತೇವೆ. ನಮ್ಮ ಬಯಲುಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯದಲ್ಲಿ ಬಡಮೈಲನೆಂಬ ಗೂಳಿಗೆ ವೀರನ ಸರಿಸಮನಾದ ಜಾಗವಿದೆ. ದನದ ಜಾತ್ರೆಯಲ್ಲಿ ಕರುವಿನ ಸುಳಿ ನೋಡಿ, ಕಾಲು ನೋಡಿ, ಹಲ್ಲು ಎಣಿಸಿದ ಮೇಲೆ ರೈತ ಕೇಳುವುದು 'ಯಾವ ಹೋರಿದು?' ಎಂದೇ. ಈ ಪ್ರಶ್ನೆಯಲ್ಲಿ ಅರ್ಥವಿಲ್ಲದೆ ಇಲ್ಲ. ಒಂದು ಹಸು ಬದುಕಿಡೀ ಹತ್ತು ಕರು ಹಾಕಿದರೆ ಹೆಚ್ಚು. ಒಂದು ಬೀಜದ ಹೋರಿ ಒಂದೇ ಹಂಗಾಮಿನಲ್ಲಿ ಅದಕ್ಕಿಂತ ಹೆಚ್ಚು ಕರುಗಳಿಗೆ ತಂದೆಯಾಗುತ್ತದೆ. ಆದರೆ ಇದರಿಂದ ನಾವು ಒಂದು ಹೆಜ್ಜೆ ಮುಂದೆ ಹೋಗಿ, ತಳಿಯ ಹಿರಿಮೆಯೆಲ್ಲ ಯಾವುದೋ ಕೆಲವು ಮಹಾ ಹೋರಿಗಳ ರಕ್ತದಲ್ಲಿದೆ, ಆ ರಕ್ತವನ್ನು ಕಾಪಿಟ್ಟರೆ ತಳಿಯನ್ನು ಕಾಪಿಟ್ಟಂತೆ ಎಂದು ನಂಬಿಬಿಟ್ಟಿದ್ದೇವೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲು ಎಂಬ ಹುಲ್ಲುಗಾವಲನ್ನೂ, ಅದರಂತೆ ಅಮೃತ ಮಹಲ್ ತಳಿಯ ದನಗಳಿಗೆ ಬಿಟ್ಟ ಇತರ ಕಾವಲುಗಳನ್ನೂ ಮುಂದಿಟ್ಟುಕೊಂಡು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಹೋರಿ ಬಿಟ್ಟುಹೋಗುವ ಆಸ್ತಿಯಲ್ಲಿ ರಕ್ತದ ಪಾಲು ನಾವು ಅಂದುಕೊಂಡದ್ದಕ್ಕಿಂತ ಸಣ್ಣದು. ಆ ಹೋರಿಯನ್ನು ಪರೀಕ್ಷೆಗೆ ಒಡ್ಡಿದ ನೆಲದ ಪಾಲು, ಅದರ ಜೊತೆ ಮೇಯ್ದ ಹೆಸರಿಲ್ಲದ ನೂರಾರು ಹೋರಿಗಳ ಪಾಲು ದೊಡ್ಡದು.

ಚಾಂಪಿಯನ್ ಗಂಡಿನ ಮೇಲೆ ಪೂರ್ತಿ ಭಾರ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಕುದುರೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಲ್ಲಿ ದನ ಕಾಯುವ, ದನ ಅಟ್ಟುವ ಕೆಲಸಕ್ಕೆಂದು ಬೆಳೆಸಿದ ಕ್ವಾರ್ಟರ್ ಹಾರ್ಸ್ ಎಂಬ ತಳಿ ಇದೆ. ಆ ತಳಿಯಲ್ಲಿ 1968ರಲ್ಲಿ ಇಂಪ್ರೆಸಿವ್ ಎಂಬ ಗಂಡು ಮರಿ ಹುಟ್ಟಿತು. ಮೈಕಟ್ಟಿನ ಸ್ಪರ್ಧೆಯಲ್ಲಿ ಅದು 1974ರಲ್ಲಿ ವಿಶ್ವ ಚಾಂಪಿಯನ್ ಆಯಿತು. ತೊಡೆ, ಎದೆ, ಭುಜಗಳ ಸ್ನಾಯು ಉಬ್ಬಿ ನಿಂತ ಅದರ ಚೆಲುವಿಗೆ ತೀರ್ಪುಗಾರರು ಮರುಳಾದರು. ಹೆಣ್ಣು ಕುದುರೆಗಳ ಮಾಲೀಕರು ಸಾಲುಗಟ್ಟಿದರು. ಅದರ ನೇರ ಸಂತಾನವಾಗಿ ನೋಂದಣಿಯಾದ ಮರಿಗಳೇ ಎರಡು ಸಾವಿರದ ಮೇಲೆ. ಆ ಮರಿಗಳೂ ಸ್ಪರ್ಧೆ ಗೆದ್ದವು, ಅವಕ್ಕೂ ಬೇಡಿಕೆ ಬಂತು. ಆಮೇಲೆ ಈ ವಂಶದ ಕುದುರೆಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಇದ್ದಕ್ಕಿದ್ದಂತೆ ಚರ್ಮದಡಿಯ ಸ್ನಾಯು ಅದುರುವುದು, ಹಿಂಗಾಲು ಸೋಲುವುದು, ಕುದುರೆ ಕುಸಿದು ಬೀಳುವುದು, ಕೆಲವೊಮ್ಮೆ ಉಸಿರಾಟದ ಸ್ನಾಯುಗಳೇ ಕೈಕೊಟ್ಟು ಸಾಯುವುದು. 1992ರಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. ಸ್ನಾಯುಕೋಶದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಹೋಗಲು ಸಣ್ಣ ದ್ವಾರಗಳಿರುತ್ತವೆ. ಆ ದ್ವಾರವನ್ನು ಕಟ್ಟುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಮುಚ್ಚಬೇಕಾದಾಗ ದ್ವಾರ ಸರಿಯಾಗಿ ಮುಚ್ಚುತ್ತಿರಲಿಲ್ಲ, ಸ್ನಾಯು ಸುಮ್ಮನಿದ್ದಾಗಲೂ ಸಣ್ಣಗೆ ಮಿಡಿಯುತ್ತಲೇ ಇರುತ್ತಿತ್ತು, ಪೊಟ್ಯಾಸಿಯಂ ರಕ್ತಕ್ಕೆ ಸೋರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಕಾಯಿಲೆ ಮಾತ್ರವಲ್ಲ. ಹೀಗೆ ಬಿಡುವಿಲ್ಲದೆ ಮಿಡಿಯುವ ಸ್ನಾಯು, ಸದಾ ವ್ಯಾಯಾಮ ಮಾಡಿದ ಸ್ನಾಯುವಿನಂತೆ ಉಬ್ಬುತ್ತದೆ. ಯಾವ ದೋಷ ಕುದುರೆಯನ್ನು ಕೆಡವುತ್ತಿತ್ತೋ ಅದೇ ದೋಷ ಅದರ ಮೈಕಟ್ಟಿಗೂ ನೆರವಾಗುತ್ತಿತ್ತು. ತೀರ್ಪುಗಾರರು ಪದಕ ಕೊಟ್ಟದ್ದರಲ್ಲಿ ಒಂದು ಪಾಲು ರೋಗಕ್ಕೇ ಸಂದಿತ್ತು! ಆ ಕುದುರೆಗಳನ್ನು ಇಡೀ ದಿನ ದನದ ಹಿಂದೆ ಓಡಿಸಿ ಆರಿಸಿದ್ದರೆ ಸೋಲುವ ಕಾಲು ಬೇಗ ಕಣ್ಣಿಗೆ ಬೀಳುತ್ತಿತ್ತು. ಅಖಾಡದಲ್ಲಿ ನಿಲ್ಲಿಸಿ ನೋಡಿದ್ದರಿಂದ ಬೀಳಲಿಲ್ಲ. ಎರಡೂ ಕಡೆಯಿಂದ ಈ ದೋಷ ಪಡೆದ ಮರಿಗಳನ್ನು ಇನ್ನು ನೋಂದಾಯಿಸುವುದಿಲ್ಲ ಎಂದು ಆ ತಳಿಯ ಸಂಘ ನಿಯಮ ಮಾಡಿದ್ದು 2007ರಿಂದ ಹುಟ್ಟುವ ಮರಿಗಳಿಗೆ. ಅಷ್ಟರಲ್ಲಿ ಚಾಂಪಿಯನ್ ಸತ್ತು ಹನ್ನೆರಡು ವರ್ಷವಾಗಿತ್ತು.

ಇದು ಯಾವುದೋ ಒಂದು ಕುದುರೆಯ ದುರದೃಷ್ಟ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಗಂಡುಗಳನ್ನು ಕಡಿಮೆ ಮಾಡಿದ ಎಲ್ಲ ತಳಿಗಳಿಗೂ ಕಾದಿರುವ ಅಪಾಯ. ಒಂದು ಹಿಂಡಿನಲ್ಲಿ ಎಷ್ಟು ತಲೆ ಇವೆ ಎಂಬುದು ಆನುವಂಶಿಕ ವಿಜ್ಞಾನಕ್ಕೆ ಮುಖ್ಯವಲ್ಲ, ಎಷ್ಟು ಗಂಡು ಎಷ್ಟು ಹೆಣ್ಣು ಮುಂದಿನ ಪೀಳಿಗೆಗೆ ತಂದೆತಾಯಿ ಆಗುತ್ತಿವೆ ಎಂಬುದು ಮುಖ್ಯ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬರುವುದು ಹಿಂಡಿನ ಪರಿಣಾಮಕಾರಿ ಸಂಖ್ಯೆ. ಅಮೃತ ಮಹಲ್ ದನಗಳ ವಿಷಯಕ್ಕೇ ಇದನ್ನು ಅನ್ವಯಿಸೋಣ. 1870ರ ಹೊತ್ತಿಗೆ ಸರ್ಕಾರದ ಹಿಂಡಿನಲ್ಲಿ ಸುಮಾರು 4000 ಹಸು, 100 ಹೋರಿ ಇದ್ದವೆಂದು ದಾಖಲೆ ಇದೆ. ಲೆಕ್ಕದಲ್ಲಿ ಬರುವ ಪರಿಣಾಮಕಾರಿ ಸಂಖ್ಯೆ 390. ಅದೇ 4000 ಹಸುಗಳಿಗೆ ನಾಲ್ಕೇ ನಾಲ್ಕು ಶ್ರೇಷ್ಠ ಹೋರಿಗಳನ್ನು ಬಳಸಿದ್ದರೆ? ಕೊಟ್ಟಿಗೆಯಲ್ಲಿ 4004 ತಲೆಗಳಿದ್ದರೂ ಪರಿಣಾಮಕಾರಿ ಸಂಖ್ಯೆ 16ಕ್ಕೆ ಇಳಿಯುತ್ತದೆ. 390 ಇದ್ದಾಗ ಪೀಳಿಗೆಗೆ ಶೇ 0.13ರಷ್ಟು ಹೆಚ್ಚುವ ರಕ್ತಸಂಬಂಧದ ಸಾಂದ್ರತೆ, 16 ಆದಾಗ ಶೇ 3ರಷ್ಟು ಹೆಚ್ಚುತ್ತದೆ. ಹತ್ತು ಪೀಳಿಗೆ ಕಳೆದರೆ, ದನಗಳ ಮಟ್ಟಿಗೆ ಅದು ಐವತ್ತು ಅರವತ್ತು ವರ್ಷ, ಹಿಂಡಿನ ಸರಾಸರಿ ಕರು ಒಡಹುಟ್ಟಿದ ಅಣ್ಣತಂಗಿಯನ್ನು ಕೂಡಿಸಿದಾಗ ಹುಟ್ಟುವ ಕರುವಿಗಿಂತ ಹೆಚ್ಚು ಒಳಸಂಬಂಧದ್ದಾಗಿರುತ್ತದೆ. ಪರಿಣಾಮಕಾರಿ ಸಂಖ್ಯೆ 50ಕ್ಕಿಂತ ಕೆಳಗೆ ಇಳಿಯಬಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಚ್ಚರಿಸುವುದು ಈ ಕಾರಣಕ್ಕೆ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಹಾಲಿನ ಲೋಕದಿಂದ ಬರುತ್ತದೆ. ಹೋಲ್‌ಸ್ಟೀನ್ ತಳಿ ಬೆಳೆದದ್ದೇ ಕೆಲವೇ ಹೋರಿಗಳಿಂದ. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಒಂದೇ ಹೋರಿಗೆ ಹದಿನಾರು ಸಾವಿರ ಹೆಣ್ಣು ಕರುಗಳು. ಇವತ್ತಿನ ಅಮೆರಿಕದ ಹೋಲ್‌ಸ್ಟೀನ್ ಹಸುಗಳ ವಂಶವಾಹಿಗಳಲ್ಲಿ ಶೇ 14ರಷ್ಟು ಈ ಒಂದು ಹೋರಿಯದು ಎಂಬ ಅಂದಾಜಿದೆ. ಆ ಹೋರಿ ಒಂದು ಮಾರಕ ದೋಷವನ್ನೂ ಹಂಚಿತ್ತು. ಎರಡೂ ಕಡೆಯಿಂದ ಅದನ್ನು ಪಡೆದ ಕರು ಹೊಟ್ಟೆಯಲ್ಲೇ ಸಾಯುತ್ತಿತ್ತು. ಪ್ರಪಂಚದಾದ್ಯಂತ ಐದು ಲಕ್ಷ ಗರ್ಭಗಳು ಹಾಗೆ ಹಾಳಾದವೆಂದು, ನಷ್ಟ 42 ಕೋಟಿ ಡಾಲರ್ ಎಂದು ಲೆಕ್ಕ ಹಾಕಿದ್ದಾರೆ. ಆದರೆ ಅದೇ ಹೋರಿಯ ಹೆಣ್ಣುಮಕ್ಕಳು ಹೆಚ್ಚುವರಿಯಾಗಿ ಕೊಟ್ಟ ಹಾಲಿನ ಬೆಲೆ ಈ ನಷ್ಟದ ಹಲವು ಪಟ್ಟು. ಹೀಗಿರುವಾಗ ಚಾಂಪಿಯನ್ ಹೋರಿಯನ್ನು ದೂರುವುದೇಕೆ? ಈ ಆಕ್ಷೇಪವನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಆ ಲಾಭ ಬಂದದ್ದು ಎರಡು ಷರತ್ತುಗಳ ಮೇಲೆ. ಅಲ್ಲಿ ಅಳೆಯಬೇಕಾದ ಗುಣ ಒಂದೇ, ಹಾಲು. ಅದನ್ನು ಅಳೆದು ಹೋರಿಯ ಪ್ರತಿ ಹೆಣ್ಣುಮಗಳ ಹೆಸರಿನಲ್ಲಿ ಬರೆದಿಟ್ಟರು. ಎರಡನೆಯದು, ಮೇವು, ನೀರು, ನೆರಳು, ಔಷಧಿ ಎಲ್ಲವನ್ನೂ ಮನುಷ್ಯನೇ ಒದಗಿಸಿದ. ಬಯಲುಸೀಮೆಯ ದನಕ್ಕೆ ಬೇಕಾದ ಗುಣ ಅಂಥದಲ್ಲ. ಮಳೆ ಕೈಕೊಟ್ಟ ವರ್ಷ ಒಣಹುಲ್ಲು ತಿಂದು, ದೂರದ ನೀರಿಗೆ ನಡೆದು, ಬಿಸಿಲು ತಡೆದು, ಮರುವರ್ಷ ಬೆದೆಗೆ ಬಂದು ಕರು ಹಾಕುವ ಶಕ್ತಿಯನ್ನು ಯಾವ ಅಳತೆಪಾತ್ರೆಯಲ್ಲಿ ಹಿಡಿಯುವುದು? ಅದನ್ನು ಅಳೆಯುವ ಸಾಧನ ಕಾವಲು ಒಂದೇ.

ಅಮೃತ ಮಹಲಿನ ಚರಿತ್ರೆ ಈ ಮಾತಿಗೆ ಒದಗಿಸುವ ಸಾಕ್ಷ್ಯ ಬಹಳ ಬೆಲೆಯುಳ್ಳದ್ದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯಾಯಿತು. ನಾಡಿನ ಉದ್ದಗಲಕ್ಕೆ ಹುಲ್ಲುಗಾವಲುಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ಹೈದರ್ ಅದನ್ನು ಸೈನ್ಯದ ಕೆಲಸಕ್ಕೆ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ದನಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದ. ತೋಪು ಎಳೆಯುವ ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ಮುಟ್ಟಿತೆಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಇಂಥ ದನ ಯಾವ ಹೋರಿಯಿಂದ ಹುಟ್ಟಿತು? ದಾಖಲೆಗಳಲ್ಲಿ ಒಂದು ಹೋರಿಯ ಹೆಸರೂ ಮೂಲಪುರುಷನಾಗಿ ಬರುವುದಿಲ್ಲ. ಬರುವುದು ಮೂರು ಬಗೆಯ ದನಗಳು: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಪಾಳೆಯಗಾರರ ನಾಡುಗಳಿಂದ ಬಂದ ದನ ಒಂದೇ ಹಿಂಡಿನಲ್ಲಿ ಬೆರೆತವು. ಅಂದರೆ ತಳಿಯ ಬುನಾದಿಯಲ್ಲೇ ಹಲವು ರಕ್ತವಿತ್ತು, ಚಳ್ಳಕೆರೆ ಮೊಳಕಾಲ್ಮೂರಿನ ಬಯಲು ಸೇರಿದ ಸೀಮೆಯ ಪಾಲೂ ಅದರಲ್ಲಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಯಾರೂ ಉದ್ದೇಶಪಟ್ಟು ಮಾಡದ ಒಂದು ಪ್ರಯೋಗ ನಡೆಯಿತು. ಈಸ್ಟ್ ಇಂಡಿಯಾ ಕಂಪನಿ ಈ ದನಗಳನ್ನು ಮೈಸೂರಿನ ಅಧಿಕಾರಿಗಳ ವಶಕ್ಕೆ ಕೊಟ್ಟಿತು, ಅವರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಹನ್ನೆರಡು ಹದಿಮೂರು ವರ್ಷದಲ್ಲಿ ದನಗಳು ಎಷ್ಟು ಸೊರಗಿದವೆಂದರೆ ಸೈನ್ಯಕ್ಕೆ ಬೇಕಾದ ಎತ್ತು ಒದಗಲಿಲ್ಲ. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಮೇಲ್ವಿಚಾರಣೆ ವಹಿಸಿದರು. ಮುಂದಿನ ಹತ್ತು ವರ್ಷದಲ್ಲಿ ದನಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಗುಣವೂ ಮರಳಿತು. ಹಾರ್ವೆ ಹೊರಗಿನಿಂದ ಚಾಂಪಿಯನ್ ಹೋರಿ ತಂದದ್ದರಿಂದ ಇದು ಆಗಲಿಲ್ಲ. ಮಾಡಿದ್ದು ಹಳೆಯ ಶಿಸ್ತನ್ನು ಮತ್ತೆ ಕೂರಿಸುವ ಕೆಲಸ: ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಹಿಂಡುಗಳನ್ನು ಹೊತ್ತಿಗೆ ಸರಿಯಾಗಿ ಒಂದರಿಂದ ಇನ್ನೊಂದಕ್ಕೆ ಹೊಡೆಯುವುದು, ಲಕ್ಷಣ ಸಾಲದ ಹೋರಿಗಳ ಬೀಜ ಒಡೆಸುವುದು. ರಕ್ತ ಅದೇ, ನಡೆಸುವ ರೀತಿ ಬೇರೆ. ಫಲ ಹತ್ತೇ ವರ್ಷದಲ್ಲಿ ಕಂಡಿತು. ಯುದ್ಧದ ಗದ್ದಲದಲ್ಲಿ ಒಳ್ಳೆಯ ದನಗಳು ಚದುರಿ ಹೋದದ್ದರಿಂದಲೇ ಹಿಂಡು ಕೆಟ್ಟಿತೆಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಉಳಿದ ಸಾಧಾರಣ ದನಗಳಿಂದಲೇ ಹತ್ತು ವರ್ಷದಲ್ಲಿ ತಳಿ ಎದ್ದು ನಿಂತಿತೆಂದಾಯಿತು, ಅದು ನನ್ನ ವಾದಕ್ಕೆ ಇನ್ನಷ್ಟು ಬಲ.

ಎರಡನೆಯ ಪ್ರಯೋಗ 1860ರದು. ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಈ ಸಂಸ್ಥೆಯನ್ನೇ ಮುಚ್ಚಿದ. ಹಿಂಡುಗಳು ಹರಾಜಾದವು, ಒಳ್ಳೆಯ ರಾಸುಗಳಲ್ಲಿ ಎಷ್ಟೋ ಈಜಿಪ್ಟಿನ ಪಾಷಾನ ಪಾಲಾದವು. ತಪ್ಪು ಬೇಗ ಅರಿವಾಯಿತು. 1866ರಲ್ಲಿ ಮತ್ತೆ ದನ ಕೂಡಿಸಲು ಹೊರಟರು. 1870ರ ಹೊತ್ತಿಗೆ ಮೊದಲೇ ಹೇಳಿದ 4000 ಹಸು, 100 ಹೋರಿ ಸೇರಿದವು. ಸರ್ಕಾರದ ಕೊಟ್ಟಿಗೆ ಖಾಲಿಯಾಗಿದ್ದಾಗಲೂ ತಳಿ ಉಳಿದಿತ್ತು, ಏಕೆಂದರೆ ಅದು ರೈತರ ಹಟ್ಟಿಗಳಲ್ಲಿ, ಊರ ದನಗಳಲ್ಲಿ ಹಂಚಿಹೋಗಿತ್ತು. ಆ ದನ ಮೇಯಲು ಕಾವಲುಗಳೂ ಗೋಮಾಳಗಳೂ ಇದ್ದವು. ಒಂದು ಮಹಾ ಹೋರಿಯಲ್ಲಿ ತಳಿ ಅಡಗಿದ್ದರೆ ಆ ಹೋರಿ ಈಜಿಪ್ಟಿಗೆ ಹೋದ ದಿನವೇ ತಳಿಯ ಕಥೆ ಮುಗಿಯುತ್ತಿತ್ತು.

ಕಾವಲು ಮಾಡುವ ಕೆಲಸವೇನು ಎಂಬುದನ್ನು ಹತ್ತಿರದಿಂದ ನೋಡೋಣ. ಚಳ್ಳಕೆರೆ ಕರ್ನಾಟಕದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ವರ್ಷಕ್ಕೆ ಸರಾಸರಿ ಬೀಳುವುದು 500 ಮಿಲಿಮೀಟರ್ ಆಸುಪಾಸು. ಆಗಸ್ಟ್ ಸೆಪ್ಟೆಂಬರಿನಲ್ಲಿ ಮೊಳಕಾಲೆತ್ತರ ಬರುವ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆ, ಅದರಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆ ಕಡ್ಡಿಯ ಮೇಲೆ ದನ ಬದುಕುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ದೆಸೆಯಿಂದ. ಡುಬ್ಬದ ದನಗಳು ಮೂತ್ರದಲ್ಲಿ ಹೋಗಬೇಕಾದ ಯೂರಿಯಾದ ದೊಡ್ಡ ಪಾಲನ್ನು ಜೊಲ್ಲಿನ ಮೂಲಕವೂ ರಕ್ತದ ಮೂಲಕವೂ ಮೊದಲ ಹೊಟ್ಟೆಗೇ ಮರಳಿ ಕಳಿಸುತ್ತವೆ. ಸೂಕ್ಷ್ಮಜೀವಿಗಳು ಆ ಸಾರಜನಕ ಬಳಸಿ ಬೆಳೆಯುತ್ತವೆ, ಆಮೇಲೆ ದನ ಆ ಸೂಕ್ಷ್ಮಜೀವಿಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಕಡಿಮೆ ಮೇವಿನಲ್ಲಿ ಈ ಮರುಬಳಕೆ ಸೀಮೆ ಹಸುವಿಗಿಂತ ನಾಟಿ ದನದಲ್ಲಿ ಚೆನ್ನಾಗಿ ನಡೆಯುತ್ತದೆ. ಸಡಿಲವಾದ ತೆಳು ಚರ್ಮ, ಅದರಲ್ಲಿ ದೊಡ್ಡ ಬೆವರು ಗ್ರಂಥಿಗಳು, ಕಡಿಮೆ ಶಾಖ ಹುಟ್ಟಿಸುವ ದೇಹ ಇವೆಲ್ಲ ಬಿಸಿಲಿಗೆ ಉತ್ತರ. ಹುಲ್ಲು ಒಂದು ಕಡೆ, ನೀರು ಇನ್ನೊಂದು ಕಡೆ. ಬೇಸಿಗೆ ಬಲಿತಂತೆ ಎರಡರ ನಡುವಿನ ದೂರ ಹೆಚ್ಚುತ್ತದೆ. ಕರು ತಾಯಿಯ ಹಿಂದೆ ಆ ದೂರ ನಡೆಯಬೇಕು. ಗೊರಸು ಮೃದುವಾದದ್ದು, ಉಸಿರು ಸಾಲದ್ದು, ಹಸಿವು ತಾಳದ್ದು ಹಿಂದೆ ಬೀಳುತ್ತದೆ. ಇಷ್ಟೆಲ್ಲ ದಾಟಿ ನಾಲ್ಕು ಹಲ್ಲಾದ ಹೋರಿಗಳ ನಡುವೆ ಮಾತ್ರ ಮನುಷ್ಯ ತನ್ನ ಆಯ್ಕೆ ಮಾಡುತ್ತಿದ್ದ. ಅಂದರೆ ಬೀಜದ ಹೋರಿ ಎಂದು ಹಣೆಗೆ ಕುಂಕುಮ ಹಚ್ಚುವ ಮೊದಲೇ ನೆಲ ತನ್ನ ತೀರ್ಪು ಕೊಟ್ಟಾಗಿರುತ್ತಿತ್ತು. ಇಂಪ್ರೆಸಿವ್ ಕುದುರೆಗೆ ಇಂಥ ಪರೀಕ್ಷೆ ಇರಲಿಲ್ಲ.

ರಕ್ತದಲ್ಲಿ ಬಾರದೆ ಇರುವ ಇನ್ನೊಂದು ಆಸ್ತಿಯೂ ಇದೆ. ಯಾವ ಹುಲ್ಲು ಯಾವಾಗ ತಿನ್ನಬೇಕು, ಯಾವ ಸೊಪ್ಪು ವಿಷ, ನೀರು ಯಾವ ಕಡೆ ಎಂಬುದನ್ನು ಕರು ಹುಟ್ಟುವಾಗ ಕಲಿತು ಬಂದಿರುವುದಿಲ್ಲ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆಂಜಾ ಮತ್ತು ಅವರ ಸಂಗಡಿಗರು ಹಲವು ದಶಕ ಮಾಡಿದ ಪ್ರಯೋಗಗಳು ಒಂದು ವಿಷಯವನ್ನು ಸ್ಪಷ್ಟಪಡಿಸಿವೆ: ಮರಿ, ಕರುಗಳು ಮೇವಿನ ಆಯ್ಕೆಯನ್ನು ಮುಖ್ಯವಾಗಿ ತಾಯಿಯ ಬಾಯಿ ನೋಡಿ ಕಲಿಯುತ್ತವೆ, ಹೊಸ ಜಾಗಕ್ಕೆ ಒಯ್ದ, ಅಲ್ಲಿಗೆ ಪಳಗದ ದನ ಕಣ್ಣೆದುರು ಮೇವಿದ್ದರೂ ಸೊರಗುತ್ತದೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗುವ ಈ ತಿಳಿವಳಿಕೆಗೆ ಹೋರಿ ದಾನಿಯಲ್ಲ. ಹಿಂಡು ಒಂದು ಸಲ ಕಾವಲಿನಿಂದ ಹೊರಬಿದ್ದು ಒಂದು ಪೀಳಿಗೆ ಕಟ್ಟುಮೇವಿನಲ್ಲಿ ಬೆಳೆದರೆ ಈ ಕೊಂಡಿ ಕಡಿದುಹೋಗುತ್ತದೆ.

ವರವು ಕಾವಲಿನ ವಿಷಯಕ್ಕೆ ಬರೋಣ. ಟಿಪ್ಪುವಿನ ಕೊನೆಯ ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಇವತ್ತು ಉಳಿದಿರುವುದು ಸಣ್ಣ ಪಾಲು. ಬೇರೆ ಕಡೆ ಸಾಗುವಳಿಗೆ, ನೀಲಗಿರಿಗೆ, ನಿವೇಶನಕ್ಕೆ ಹೋದವು. ಚಳ್ಳಕೆರೆಯಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದವು. ವರವು ಕಾವಲು ಮತ್ತು ಪಕ್ಕದ ಖುದಾಪುರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4290 ಎಕರೆ, ಖುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1810 ಎಕರೆ, ಇಸ್ರೋಗೆ 573 ಎಕರೆ. ಹಳ್ಳಿಗಳವರು ಪ್ರತಿಭಟಿಸಿದರು, ವಿಷಯ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು, 2014ರ ಆಗಸ್ಟಿನಲ್ಲಿ ತೀರ್ಪು ಬಂತು. 2017ರಲ್ಲಿ ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಅಲ್ಲಿನ ಓಡುದಾರಿಯ ಮೇಲೆ ತಾನಾಗಿಯೇ ಇಳಿದಾಗ ದೇಶ ಹೆಮ್ಮೆಪಟ್ಟಿತು. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಆದರೆ ಓಡುದಾರಿಗೆ ಬೇಕಾದ ಮಟ್ಟಸ, ತೆರವಾದ, ಜನವಸತಿಯಿಲ್ಲದ ಬಯಲು ಅಲ್ಲಿ ಸಿಕ್ಕಿದ್ದು ಹೇಗೆ? ತಲೆಮಾರುಗಳ ಕಾಲ ಅದನ್ನು ಯಾರೂ ಉಳದಂತೆ, ಯಾರೂ ಕಟ್ಟದಂತೆ ದನಕ್ಕೆಂದು ಬಿಟ್ಟಿದ್ದರಿಂದ. ಕಡತದಲ್ಲಿ ಅದು ಬಳಕೆಯಿಲ್ಲದ ಭೂಮಿ ಆಯಿತು. ನೆಲದ ಮೇಲೆ ಅದು ಸುತ್ತಲಿನ ಹಟ್ಟಿಗಳ ದನ, ಕಂಬಳಿ ನೇಯುವವರಿಗೆ ಉಣ್ಣೆ ಕೊಡುವ ಕುರಿ, ಕೃಷ್ಣಮೃಗ, ಎರ್ಲಡ್ಡು ಹಕ್ಕಿ ಎಲ್ಲದರ ಮೇವುತಾಣವಾಗಿತ್ತು.

ಈ ಸೀಮೆಯ ವಿಶೇಷ ಇನ್ನೂ ಒಂದಿದೆ. ಚಳ್ಳಕೆರೆ ಮೊಳಕಾಲ್ಮೂರಿನ ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡುಗಳಿವೆ. ಅವನ್ನು ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ, ಕಾಯಲು ಕಿಲಾರಿಗಳಿದ್ದಾರೆ. ಹುಲಿಯೊಂದಿಗೆ ಕಾದಾಡಿದ ದನಗಾಹಿ ಗಾದ್ರಿಪಾಲನಾಯಕನನ್ನು ದೇವರೆಂದು ನಡೆದುಕೊಳ್ಳುವ ಜನ ಅವರು. ದೇವರ ಎತ್ತಿನ ಪಾಲನೆ ಭಕ್ತಿಯ ಮಾತು, ತಳಿವಿಜ್ಞಾನಕ್ಕೆ ಅದರಿಂದೇನು ಎಂದು ಕೇಳಬಹುದು. ಹಟ್ಟಿಯ ಸಣ್ಣ ಹಿಂಡಿನಲ್ಲಿ ಒಳಸಂಬಂಧ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆ ಇನ್ನೂ ಮೊನಚಾದದ್ದು. ಒಂದೇ ಹಿಂಡನ್ನು ನೋಡಿದರೆ ಹೌದು, ಹೆಚ್ಚುತ್ತದೆ. ಆದರೆ ಬೇರೆ ಬೇರೆ ಹಟ್ಟಿಗಳ ಹಿಂಡುಗಳನ್ನು ಒಟ್ಟಾಗಿ ನೋಡಿದಾಗ ಚಿತ್ರ ಬದಲಾಗುತ್ತದೆ. ಬೇರ್ಪಟ್ಟ ಹಿಂಡುಗಳಲ್ಲಿ ಒಂದೊಂದರಲ್ಲೂ ಬೇರೆ ಬೇರೆ ವಂಶವಾಹಿ ರೂಪಗಳು ಉಳಿದುಕೊಳ್ಳುತ್ತವೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಇರುತ್ತದೆ. ಪೀಳಿಗೆಗೆ ಒಂದೆರಡು ಪ್ರಾಣಿಗಳು ಹಿಂಡಿನಿಂದ ಹಿಂಡಿಗೆ ಬದಲಾದರೆ ಸಾಕು, ಒಳಸಂಬಂಧದ ಕೆಡುಕು ಹತೋಟಿಗೆ ಬರುತ್ತದೆ ಎಂಬುದು ಜನಸಂಖ್ಯಾ ತಳಿಶಾಸ್ತ್ರದ ಹಳೆಯ, ಪರೀಕ್ಷಿತ ಲೆಕ್ಕ. ಬೇಲಿ ಹಾಕಿದ ಒಂದೇ ಸರ್ಕಾರಿ ಕೇಂದ್ರದಲ್ಲಿ ಇಟ್ಟ ಐನೂರು ದನಕ್ಕಿಂತ ಹತ್ತು ಹಟ್ಟಿಗಳಲ್ಲಿ ಐವತ್ತೈವತ್ತರಂತೆ ಹಂಚಿಹೋದ ದನ ಕೆಲವು ಅಪಾಯಗಳಿಗೆ ಹೆಚ್ಚು ಗಟ್ಟಿ. ಒಂದು ಕೇಂದ್ರಕ್ಕೆ ಕಾಲುಬಾಯಿ ರೋಗ ನುಗ್ಗಿದರೆ, ಅಥವಾ 1860ರಂತೆ ಒಬ್ಬ ಅಧಿಕಾರಿ ಖರ್ಚು ಕಡಿತಕ್ಕೆ ಕೈಹಾಕಿದರೆ, ಎಲ್ಲವೂ ಒಟ್ಟಿಗೇ ಹೋಗುತ್ತದೆ. ಬರ ಬಂದ ವರ್ಷ ದೇವರ ಎತ್ತುಗಳಿಗೆ ಮೇವಿಲ್ಲ, ಗೋಶಾಲೆ ತೆರೆಯಿರಿ ಎಂಬ ಕೂಗು ಈ ತಾಲ್ಲೂಕುಗಳಿಂದ ಏಳುತ್ತದೆ. ಅದನ್ನು ಧಾರ್ಮಿಕ ಬೇಡಿಕೆಯೆಂದು ಒಂದು ಪಕ್ಕಕ್ಕೆ ಇಡುವ ಇಲಾಖೆ, ತಾನು ಸ್ವಂತ ಖರ್ಚಿನಲ್ಲಿ ಕಟ್ಟಲಾರದ ಒಂದು ತಳಿಭಂಡಾರವನ್ನು ಕಳೆದುಕೊಳ್ಳುತ್ತಿದೆ ಎಂದೇ ನನ್ನ ಅಭಿಪ್ರಾಯ.

ವೀರ್ಯ ಸಂಗ್ರಹಿಸಿ ಇಡಬಹುದಲ್ಲ, ಕಾವಲು ಏಕೆ ಬೇಕು ಎನ್ನುವವರೂ ಇದ್ದಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟ ವೀರ್ಯದ ಕಡ್ಡಿ ದಶಕಗಳ ಕಾಲ ಕೆಡುವುದಿಲ್ಲ, ಇದು ನಿಜ. ಅಂಥ ಭಂಡಾರ ಬೇಕು, ಇರಲಿ. ಆದರೆ ಅದರ ಮಿತಿಗಳನ್ನು ತಿಳಿದು ಬಳಸಬೇಕು. ಹೋರಿಯ ವೀರ್ಯ ಕರುವಿಗೆ ಅರ್ಧ ಪಾಲು ವಂಶವಾಹಿ ಕೊಡುತ್ತದೆ. ಬೇರೆ ತಳಿಯ ಹಸುವಿಗೆ ಸೂಜಿ ಹಾಕಿಸಿ, ಹುಟ್ಟಿದ ಮಣಕಕ್ಕೆ ಮತ್ತೆ ಹಾಕಿಸಿ, ಹೀಗೆ ಐದು ಪೀಳಿಗೆ ಹೋದರೂ ಶೇ 3ರಷ್ಟು ಅನ್ಯರಕ್ತ ಉಳಿದೇ ಇರುತ್ತದೆ, ತಾಯಿಯ ಮೂಲಕವೇ ಬರುವ ಮೈಟೊಕಾಂಡ್ರಿಯದ ವಂಶವಾಹಿಯಂತೂ ಎಂದಿಗೂ ಬರುವುದಿಲ್ಲ. ಯಾವ ಹೋರಿಯ ವೀರ್ಯ ಹಿಡಿಯಬೇಕು ಎಂಬುದನ್ನು ಮೈಕಟ್ಟು, ಕೊಂಬಿನ ವೈಖರಿ ನೋಡಿ ಆರಿಸಿದರೆ ಸ್ಪರ್ಧೆಯ ತೀರ್ಪುಗಾರರ ದಾರಿಯನ್ನೇ ಹಿಡಿದಂತೆ. ಜೊತೆಗೆ, ಕಡ್ಡಿಯಲ್ಲಿರುವ ವೀರ್ಯ ಹೊಸ ರೋಗ, ಹೊಸ ಬಿಸಿಲಿಗೆ ಹೊಂದಿಕೊಳ್ಳುವುದಿಲ್ಲ. ಹಿಡಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಕಾವಲಿನ ಹಿಂಡು ವರ್ಷ ವರ್ಷ ಹೊಂದಿಕೊಳ್ಳುತ್ತಾ ಹೋಗುತ್ತದೆ.

ಕೊನೆಗೆ ಉಳಿಯುವುದು ಟ್ರ್ಯಾಕ್ಟರಿನ ಪ್ರಶ್ನೆ. ತೋಪು ಎಳೆಯುವ ಕಾಲ ಹೋಯಿತು, ಉಳುವ ಕಾಲವೂ ಹೋಗುತ್ತಿದೆ, ಹಾಲು ಕೊಡದ ದನ ಯಾರಿಗೆ ಬೇಕು? ಕೆಲಸಕ್ಕಾಗಿ ಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಅಮೃತ ಮಹಲ್ ಕೇಂದ್ರಗಳ ಹರಾಜಿನಲ್ಲಿ ಇವತ್ತಿಗೂ ಹೋರಿ ಕರುಗಳ ಜೋಡಿಗೆ ರೈತರು ಲಕ್ಷದ ಮೇಲೆ ಕೂಗುವುದುಂಟು, ಆದರೆ ಅಭಿಮಾನದ ಬೆಲೆ ತಳಿಯನ್ನು ಎಷ್ಟು ದಿನ ಹೊರುತ್ತದೆ? ನನ್ನ ಉತ್ತರ ಬೇರೆ. ಬಿಸಿಲು ಏರುತ್ತಿರುವ, ಮಳೆ ನಂಬಲಾಗದ ಮುಂದಿನ ವರ್ಷಗಳಲ್ಲಿ ಕಡಿಮೆ ನೀರು, ಒರಟು ಮೇವಿನಲ್ಲಿ ಬದುಕುವ ಗುಣ ಎಲ್ಲ ದನಕ್ಕೂ ಬೇಕಾಗುತ್ತದೆ, ಹಾಲಿನ ಹಸುವಿಗೂ. ಆ ಗುಣ ಒಂದು ವಂಶವಾಹಿಯಲ್ಲಿ ಇಲ್ಲ. ನೂರಾರು ವಂಶವಾಹಿಗಳ ಸಣ್ಣ ಸಣ್ಣ ಕೊಡುಗೆ ಸೇರಿ ಆಗುವಂಥದ್ದು. ಆದ್ದರಿಂದಲೇ ಅದನ್ನು ಒಂದು ಹೋರಿಯಿಂದ ಪಡೆಯಲಾಗುವುದಿಲ್ಲ, ಬದುಕಿರುವ ದೊಡ್ಡ ಹಿಂಡಿನಿಂದ ಮಾತ್ರ ಪಡೆಯಬಹುದು.

ಆಗಬೇಕಾದ ಕೆಲಸಗಳು ಕಷ್ಟದವಲ್ಲ. ಅಜ್ಜಂಪುರ, ಬೀರೂರು, ಚಿಕ್ಕಎಮ್ಮಿಗನೂರು ಕೇಂದ್ರಗಳಲ್ಲಿ ಬೀಜದ ಹೋರಿಗಳ ಸಂಖ್ಯೆಯನ್ನು ಖರ್ಚಿನ ನೆಪದಲ್ಲಿ ಇಳಿಸಬಾರದು. ಪ್ರತಿ ಹೋರಿಗೂ ಎಷ್ಟು ಕರು ಎಂಬುದಕ್ಕೆ ಮಿತಿ ಇರಬೇಕು. ಚಳ್ಳಕೆರೆ ಮೊಳಕಾಲ್ಮೂರಿನ ದೇವರ ಎತ್ತುಗಳ ಹಿಂಡುಗಳನ್ನು ಕಿಲಾರಿಗಳ ಒಪ್ಪಿಗೆ ಪಡೆದು ಎಣಿಸಿ, ಕೂದಲಿನ ಮಾದರಿಯಿಂದ ಅವುಗಳ ಆನುವಂಶಿಕ ವೈವಿಧ್ಯ ಅಳೆಯಬೇಕು. ಖುದಾಪುರದಲ್ಲೇ ನೆಲೆಯಿರುವ ವಿಜ್ಞಾನ ಸಂಸ್ಥೆಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಋಣ ತೀರಿಸುವ ಅಧ್ಯಯನ ಇನ್ನೊಂದಿರಲಾರದು. ಭದ್ರತೆಗೆ ಅಡ್ಡಿಯಾಗದ ಕಡೆ ಈ ಸಂಸ್ಥೆಗಳ ಗೋಡೆಯೊಳಗೆ ಬೆಳೆದು ಒಣಗುವ ಹುಲ್ಲನ್ನು ಪ್ರತಿವರ್ಷ ಕೊಯ್ದು ಸುತ್ತಲಿನ ಹಟ್ಟಿಗಳಿಗೆ ಕೊಡಬೇಕು, ಹಂಚದೆ ಉಳಿದಿರುವ ಕಾವಲುಗಳನ್ನು ಇನ್ನು ಯಾವ ಯೋಜನೆಗೂ ಬಿಟ್ಟುಕೊಡಬಾರದು. ಚಿತ್ರದುರ್ಗ ಜಿಲ್ಲಾಡಳಿತವೂ ಪಶುಸಂಗೋಪನಾ ಇಲಾಖೆಯೂ ಈ ಕೆಲಸಗಳನ್ನು ಮುಂದಿನ ಬರಗಾಲಕ್ಕೆ ಮೊದಲೇ ಕೈಗೆತ್ತಿಕೊಳ್ಳಲಿ.